ಒಂದು ಹಿಡಿ ಸ್ಯಾಂಪಲ್

ಆಂಧ್ರದ ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ದಲಾಲಿ ಮಾಡುವ ಪಂಚಾಕ್ಷರಯ್ಯನಿಗೆ ಅರವತ್ತಾರನೇ ವಯಸ್ಸಿನಲ್ಲಿ ಒಂದು ಹೊಸ ಚಟ ಹತ್ತಿಕೊಂಡಿತು. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಜಗತ್ತಿನ ಯಾವ ಚಿಪ್ ಕಂಪನಿ ಮುಂದೆ ಯಾವ ಚಿಪ್ ಕಂಪನಿಯ ಜೊತೆ ಲೈಸೆನ್ಸ್ ಒಪ್ಪಂದ ಮಾಡಿಕೊಳ್ಳಲಿದೆ ಎಂದು ಅಂದಾಜು ಕಟ್ಟುವ ಚಟ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಫೋನು ಹಿಡಿದು, ತೆಲುಗಿನಲ್ಲೋ ಕನ್ನಡದಲ್ಲೋ ಸಿಕ್ಕ ಸುದ್ದಿಯನ್ನೆಲ್ಲ ಕಿವಿಗೆ ತುಂಬಿಕೊಂಡು ಯಾರ್ಡಿನ ಮುಂದಿನ ಚಹಾದಂಗಡಿಗೆ ಬಂದು ಕೂತನೆಂದರೆ ಮುಗಿಯಿತು. ಅಮೆರಿಕದವರು ಹೀಗೆ ಮಾಡುತ್ತಾರೆ, ಕೊರಿಯಾದವರು ಹಾಗೆ ಮಾಡುತ್ತಾರೆ, ತೈವಾನಿನವರು ಬಾಯಿ ಬಿಡುವುದಿಲ್ಲ, ಆದರೆ ಅವರ ಮನಸ್ಸಿನಲ್ಲಿ ಇದೆ. ಅವರೆಲ್ಲ ಇವನ ಮನೆಯ ಕಟ್ಟೆಯ ಮೇಲೇ ಕೂತು ಮಾತಾಡಿಕೊಂಡು ಹೋದರೇನೋ ಎಂಬಂತೆ ಹೇಳುತ್ತಿದ್ದ.

"ಚಿಪ್ ಅಂದ್ರ ನಮ್ಮ ಚಿಪ್ಪಗಿರಿ ಕಡೀದೇನ್ರಿ ಅಯ್ಯಾರ?" ಎಂದು ಚಹಾದಂಗಡಿಯ ಉರುಕುಂದ ಗಂಭೀರವಾಗಿ ಕೇಳುತ್ತಿದ್ದ. "ಹುಷಾರ್ರಿ, ಕಡೀಕ ನಿಮ್ಮ ಕೈಗೆ ಚಿಪ್ಪು ಕೊಟ್ಟು ಕಳಿಸ್ಯಾರು."

ಬೆಂಚಿನ ಮೇಲಿದ್ದ ವ್ಯಾಪಾರಿಗಳೆಲ್ಲ ನಗುತ್ತಿದ್ದರು. ಪಂಚಾಕ್ಷರಯ್ಯನೂ ನಗುತ್ತಿದ್ದ. ನಗದೆ ಏನು ಮಾಡುತ್ತಾನೆ ಪಾಪ. ಆದರೆ ಇದು ಅವನಿಗೆ ಹೊತ್ತು ಕಳೆಯುವ ಮಾತಾಗಿರಲಿಲ್ಲ. ಆ ಒಪ್ಪಂದಗಳಲ್ಲಿ ಯಾವುದಾದರೊಂದರಲ್ಲಿ ತನ್ನ ಮಗಳ ಹೆಸರು ಬಂದೇ ಬರುತ್ತದೆ ಎಂದು ಅವನು ಕಾಯುತ್ತಿದ್ದ. ಬರದಿದ್ದರೆ ತಪ್ಪು ಯಾರದು ಎನ್ನುವುದು ಅವನಿಗೆ ಗೊತ್ತಿತ್ತು.

ಮಗಳು ಭುವನಾ. ಊರ ಹೊರಗಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಮೂವತ್ತೊಂದು ತುಂಬಿದೆ. ಬಂದ ಸಂಬಂಧಗಳನ್ನೆಲ್ಲ "ಇದೊಂದು ಮುಗೀಲಿ" ಎಂದು ಹಿಂದಕ್ಕೆ ಕಳಿಸಿದ್ದಳು. "ಇದೊಂದು" ಎಂದರೆ ಒಂದು ಚಿಪ್ಪಿನ ನಕ್ಷೆ. ಹತ್ತಿಯನ್ನು ನೋಡಿ ಅದು ಉತ್ತಮವಾದ ಒಂದನೇ ನಂಬರಿನದೋ, ಅದಕ್ಕಿಂತ ಕೆಳಗಿನ ಎಷ್ಟನೇ ನಂಬರಿನ ಮಾಲೋ ಎಂದು ಹೇಳುವ, ಇಂಟರ್ನೆಟ್ ಇಲ್ಲದ ಹಳ್ಳಿಯಲ್ಲೂ ಬ್ಯಾಟರಿಯ ಮೇಲೆ ನಡೆಯುವ, ತನ್ನಷ್ಟಕ್ಕೆ ತಾನೇ ಕಲಿಯುವ ಚಿಪ್. ನಾಲ್ಕು ವರ್ಷ ಅದರ ಮೇಲೆ ಕೂತಿದ್ದಳು. ಕಾಲೇಜಿನಲ್ಲಿ ಯಾರೂ ಅದನ್ನು ನಂಬಿರಲಿಲ್ಲ. ನಂಬಿದವನು ಒಬ್ಬನೇ, ಅಪ್ಪ.

ನಂಬುವುದಷ್ಟೇ ಅಲ್ಲ, ಕೈಯನ್ನೇ ಕೊಟ್ಟಿದ್ದ. ಪ್ರತಿ ಭಾನುವಾರ ಭುವನಾ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ ಒಂದೊಂದೇ ಹಿಡಿ ಹತ್ತಿ ಮುಂದಿಡುತ್ತಿದ್ದಳು. ಅವನು ಎರಡು ಹೆಬ್ಬೆರಳ ನಡುವೆ ಎಳೆ ಎಳೆದು, ಒಮ್ಮೆ ಮೂಸಿ, ಅಂಗೈಯಲ್ಲಿ ಅದುಮಿ, "ಎರಡು", "ಮೂರು", "ಇದು ಹೊಳಗುಂದ ಕಡೆ ಮಾಲು, ಒಂದು" ಎಂದು ಹೇಳುತ್ತಿದ್ದ. ಆಕೆ ಫೋಟೋ ತೆಗೆದು ಬರೆದುಕೊಳ್ಳುತ್ತಿದ್ದಳು. ಹಾಗೆ ಸಾವಿರಾರು ಹಿಡಿ. ಯಾರ್ಡಿನಲ್ಲಿ ಪಂಚಾಕ್ಷರಯ್ಯನ ಬಾಯಿಂದ ಬಂದ ನಂಬರನ್ನು ಎರಡನೆಯವರು ತಿದ್ದಿದ ದಾಖಲೆ ಇರಲಿಲ್ಲ. ಬೇರೆ ಯಾವುದರಲ್ಲೂ ಇಲ್ಲದ ಸೊಕ್ಕು ಅದೊಂದರಲ್ಲಿ ಅವನಿಗಿತ್ತು, ಮತ್ತು ಅದು ಅವನಿಗೆ ಸಲ್ಲುವ ಸೊಕ್ಕೇ ಆಗಿತ್ತು.

ಲೈಸೆನ್ಸ್ ಎಂದರೆ ಏನೆಂದು ಭುವನಾ ಅವನಿಗೆ ಬಿಡಿಸಿ ಹೇಳಿದ್ದಳು. ಚಿಪ್ ತಯಾರಿಸುವ ಕಾರ್ಖಾನೆ ಬೇರೆ, ನಕ್ಷೆ ಬರೆಯುವವರು ಬೇರೆ. ಬರೆದವರು ನಕ್ಷೆಯನ್ನು ಮಾರುವುದಿಲ್ಲ, ಬಳಸಿಕೊಳ್ಳಲು ಅನುಮತಿ ಕೊಡುತ್ತಾರೆ. ಎಷ್ಟು ಜನ ಬಳಸಿದರೂ ನಕ್ಷೆ ಬರೆದವರದೇ.

"ಅಂದ್ರ ಹೋರಿ ನಮ್ಮ ಕೊಟ್ಟಿಗ್ಯಾಗ ಇರತೈತಿ, ಊರ ಆಕಳೆಲ್ಲ ಬಂದು ಹೋಗತಾವು" ಎಂದ ಪಂಚಾಕ್ಷರಯ್ಯ.

"ಹಂಗನ ಅನಕೋ. ಆದ್ರ ಮಂದಿ ಮುಂದ ಹಂಗ ಹೇಳಬ್ಯಾಡಪಾ."

ಹೈದರಾಬಾದಿನಲ್ಲಿ ವಜ್ರಕೋರ್ ಎಂಬ ಒಂದು ಕಂಪನಿ. ಭುವನಾ ಬರೆದ ಒಂದು ಲೇಖನ ನೋಡಿ ಅವರೇ ಪತ್ರ ಬರೆದರು, ನಕ್ಷೆ ನೋಡಬೇಕು ಎಂದರು. ನೋಡಿದ್ದನ್ನು ನಕಲು ಮಾಡುವುದಿಲ್ಲ ಎಂಬ ಕಾಗದಕ್ಕೆ ಮೊದಲು ಸಹಿ ಹಾಕಿ ಎಂದಳು ಭುವನಾ. ಅವರು ಇವತ್ತು ನಾಳೆ ಎಂದು ದಿನ ದೂಡಿದರು. ಆಕೆ ಅಪ್ಪನಿಗೂ ಹೇಳಿಟ್ಟಿದ್ದಳು: "ಯಾರಾರ ಬಂದು ಡಿಸೈನ್ ಕೇಳಿದ್ರ ಕೊಡಬ್ಯಾಡ. ನನ್ನ ಕೇಳ್ರಿ ಅನ್ನು." ಹಾಗೆ ಹೇಳಲು ಕಾರಣವಿತ್ತು. ಆ ಚಿಪ್ಪಿನ ಪ್ರಯೋಗದ ಪೆಟ್ಟಿಗೆ, ಒಂದು ಊಟದ ಡಬ್ಬಿಯಷ್ಟು ದೊಡ್ಡದು, ಅಪ್ಪನ ಅಂಗಡಿಯಲ್ಲೇ ಇತ್ತು. ದಿನವೂ ಬರುವ ಮಾಲನ್ನು ಅದಕ್ಕೆ ತೋರಿಸಿ ಪರೀಕ್ಷೆ ಮಾಡುತ್ತಿದ್ದಳು.

ಚೈತ್ರದ ಒಂದು ಮಧ್ಯಾಹ್ನ ವಜ್ರಕೋರಿನ ಸೋಮೇಶ್ ಅಂಗಡಿಗೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ. ಮೂಲ ಎಮ್ಮಿಗನೂರಿನವನಂತೆ. ಬಂದವನೇ ಪಂಚಾಕ್ಷರಯ್ಯನ ಪಾದ ಮುಟ್ಟಿ ಕೂತ. ತನ್ನ ಸೋದರಮಾವ ಇದೇ ಯಾರ್ಡಿಗೆ ಹತ್ತಿ ತರುತ್ತಿದ್ದುದನ್ನು ಹೇಳಿದ. ಉರುಕುಂದ ಮಂಡಕ್ಕಿಯ ಉಗ್ಗಾನಿ, ಮಿರ್ಚಿ ತಂದುಕೊಟ್ಟರೆ ಬೆರಳು ನೆಕ್ಕಿ ತಿಂದ. ಇಷ್ಟಾದ ಮೇಲೆ ಇನ್ನೇನು ಬೇಕು ನಮ್ಮ ಅಯ್ಯನಿಗೆ?

"ನನ್ನ ಮಗಳು ಡಿಸೈನ್ ಕೊಡಬ್ಯಾಡ ಅಂದಾಳ" ಎಂದ, ಕೇಳುವ ಮೊದಲೇ.

"ಅಯ್ಯಯ್ಯ, ಡಿಸೈನ್ ಯಾರ್ ಕೇಳಿದ್ರು ಅಯ್ಯಾರ? ಮೇಡಂ ಹೇಳಿದ್ದು ಕರೆಕ್ಟ್ ಐತಿ. ನಮಗ ಡಿಸೈನ್ ಬ್ಯಾಡ" ಎಂದ ಸೋಮೇಶ್. "ಒಂದು ಸ್ಯಾಂಪಲ್ ಕೊಡ್ರಿ, ಸಾಕು. ನೋಡಿ ನಾಕ ದಿನದಾಗ ವಾಪಸ್ ಕಳಸ್ತೀವಿ."

ಸ್ಯಾಂಪಲ್. ಆ ಒಂದು ಮಾತಿಗೆ ಪಂಚಾಕ್ಷರಯ್ಯ ಕರಗಿಹೋದ. ಯಾರ್ಡಿನಲ್ಲಿ ನಲವತ್ತೊಂದು ವರ್ಷದಿಂದ ಅವನ ಕಿವಿಗೆ ಬೀಳುತ್ತಿದ್ದ ಮಾತು ಅದು. ಖರೀದಿದಾರ ಬರುತ್ತಾನೆ, ರಾಶಿಗೆ ಕೈ ಹಾಕುತ್ತಾನೆ, ಒಂದು ಹಿಡಿ ಕಿತ್ತುಕೊಂಡು ಹೋಗುತ್ತಾನೆ. ಯಾರೂ ಯಾಕೆ ಎಂದು ಕೇಳುವುದಿಲ್ಲ, ಯಾರೂ ವಾಪಸ್ ಕೊಡುವುದಿಲ್ಲ. ಸ್ಯಾಂಪಲ್ ಕೊಡಲು ಹಿಂದೆಮುಂದೆ ನೋಡಿದ ರೈತರಿಗೆ ಅವನೇ ಎಷ್ಟು ಸಲ ಬೈದಿದ್ದನೋ: "ಸ್ಯಾಂಪಲ್ ಕೊಡಾಕ ಒಲ್ಲೆ ಅಂದ್ರ ಮಾಲಿನ್ಯಾಗ ನೀರು ಹೊಡದಿ ಅಂತ ಅರ್ಥ ಆಕೈತಿ." ಈಗ ಮಗಳ ಮಾಲಿಗೆ ಗಿರಾಕಿ ಮನೆ ಬಾಗಿಲಿಗೆ ಬಂದಿದ್ದಾನೆ, ಅದೂ ವಾಪಸ್ ಕೊಡುತ್ತೇನೆ ಎನ್ನುತ್ತಾನೆ. ಇಲ್ಲ ಎನ್ನುವುದು ಹೇಗೆ? ಪೆಟ್ಟಿಗೆಯನ್ನು ಹೊಸ ಟವೆಲಿನಲ್ಲಿ ಸುತ್ತಿ, ತಾನೇ ಕಾರಿನವರೆಗೆ ಒಯ್ದು ಕೊಟ್ಟು ಬಂದ. ದೇವರಂಥ ಮನುಷ್ಯನಿಗೆ ದೇವರು ಇಷ್ಟು ಬುದ್ಧಿಯನ್ನಾದರೂ ಕೊಡಬೇಡವೇ.

ನಾಲ್ಕು ಗಂಟೆಗೆ ಕಾಲೇಜು ಮುಗಿಸಿ ಭುವನಾ ಅಂಗಡಿಗೆ ಬಂದಾಗ ಖುಷಿಯಿಂದ ಹೇಳಿದ.

"ಏನ ಕೊಟ್ಟಿ ಅಂದಿ?"

"ಸ್ಯಾಂಪಲ್ ಯವ್ವಾ. ಡಿಸೈನ್ ಕೇಳಲೇ ಇಲ್ಲ ಆತ. ಪೆಟಗಿ ಅಷ್ಟ ಒಯ್ದಾನ."

ಭುವನಾ ಅಲ್ಲೇ ಇದ್ದ ಹತ್ತಿಯ ಬೋರದ ಚೀಲದ ಮೇಲೆ ಕೂತಳು. ಪಾಠ ಹೇಳುವ ದನಿಯಲ್ಲೇ ಹೇಳಿದಳು: "ಅಪ್ಪಾ, ಹತ್ತಿ ಒಂದು ಹಿಡಿ ಕೊಟ್ರ ಉಳಿದ ರಾಶಿ ನಿನ್ನ ಹತ್ರನ ಇರತೈತಿ. ಇದರಾಗ ಹಿಡಿ ಅಂದ್ರನೂ ಅದ, ರಾಶಿ ಅಂದ್ರನೂ ಅದ."

ಪೆಟ್ಟಿಗೆಯೊಳಗಿನ ಪುಟ್ಟ ಕಾರ್ಡಿನಲ್ಲಿ ಇಡೀ ನಕ್ಷೆ ಇತ್ತು. ಅಪ್ಪ ಹೇಳಿದ ಅಷ್ಟೂ ನಂಬರುಗಳು ಫೋಟೋ ಸಮೇತ ಇದ್ದವು. ಕೆಲಸ ಇನ್ನೂ ನಡೆಯುತ್ತಿದ್ದುದರಿಂದ ಪಾಸ್‌ವರ್ಡಿನ ಬೀಗ ಹಾಕಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಇಟ್ಟಿದ್ದಕ್ಕೆ ಬೀಗ ಯಾಕೆ ಎಂದುಕೊಂಡಿದ್ದಳು. ಕೂಡಲೇ ಸೋಮೇಶನಿಗೆ ಫೋನು ಮಾಡಿದಳು. ಅವನು ಬೆಣ್ಣೆಯಂತೆ ಮಾತಾಡಿದ. ಐದನೇ ದಿನ ಕೊರಿಯರಿನಲ್ಲಿ ಪೆಟ್ಟಿಗೆ ವಾಪಸ್ ಬಂತು. ಟವೆಲನ್ನು ಒಗೆದು ಮಡಿಚಿ ಇಟ್ಟಿದ್ದರು. ಕಾರ್ಡು ಇದ್ದಲ್ಲೇ ಇತ್ತು.

"ನೋಡಿದೇನು, ನುಡಿದಂಗ ನಡದ್ರು" ಎಂದ ಪಂಚಾಕ್ಷರಯ್ಯ.

ಭುವನಾ ಪೆಟ್ಟಿಗೆಯನ್ನು ಮನೆಗೆ ಒಯ್ದು ಕಪಾಟಿನಲ್ಲಿಟ್ಟಳು. ಅವತ್ತಿನಿಂದ ಭಾನುವಾರದ ಪಡಸಾಲೆ ಖಾಲಿ ಬಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಅಯ್ಯನ ಚಟ. ವಜ್ರಕೋರಿನವರು ಸಹಿಯ ಮಾತನ್ನೇ ಎತ್ತಲಿಲ್ಲ, ಪತ್ರಗಳಿಗೆ ಉತ್ತರವಿಲ್ಲ. ಪಂಚಾಕ್ಷರಯ್ಯ ಮಾತ್ರ ಅದಕ್ಕೆ ದಿನಕ್ಕೊಂದು ಅರ್ಥ ಹಚ್ಚಿದ. ಅವರು ಸಣ್ಣವರು, ದೊಡ್ಡ ಪಾಲುದಾರನನ್ನು ಹುಡುಕುತ್ತಿದ್ದಾರೆ. ಪಾಲುದಾರ ಸಿಕ್ಕ ಕೂಡಲೇ ಮೂವರೂ ಸೇರಿ ಒಪ್ಪಂದ: ನಕ್ಷೆ ಭುವನಾಳದು, ಹೊಂದಿಸಿಕೊಡುವುದು ವಜ್ರಕೋರ್, ಚಿಪ್ ಮಾಡುವುದು ಆ ಪಾಲುದಾರ. ಅದಕ್ಕೇ ಅವನು ಪ್ರಪಂಚದ ಕಂಪನಿಗಳನ್ನೆಲ್ಲ ಜಾಲಾಡಿದ್ದು. ಯಾರಿಗೆ ಯಾರು ಹೊಂದುತ್ತಾರೆ ಎಂದು ಜಾತಕ ಕೂಡಿಸಿದ. "ಕೊರಿಯಾದೋರು ಬರ್ತಾರ, ಬರದಿಟ್ಕೋ" ಎಂದು ಉರುಕುಂದನಿಗೆ ಹೇಳಿದ.

ಹೆಂಡತಿ ಅಕ್ಕನಾಗಮ್ಮ ಇದನ್ನೆಲ್ಲ ಕೇಳಿ ಕೇಳಿ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು: "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸೋರನ್ನ ಕಂಡೀನ್ರಿ. ನೀವು ಕೂಸು ಕೊಟ್ಟು ಕುಲಾವಿ ಹೊಲಸಾಕ ಹತ್ತೀರಿ."

ಆ ಮಾತು ಚುಚ್ಚಿತು. ಆದರೂ ಅವನು ಫೋನು ಬಿಡಲಿಲ್ಲ. ಬಿಟ್ಟರೆ ಉಳಿಯುವುದು ಆ ಮಧ್ಯಾಹ್ನದ ನೆನಪು ಒಂದೇ ಆಗಿತ್ತು.

ದಸರೆಯ ಮರುವಾರ ಸುದ್ದಿ ಬಂತು. ವಜ್ರಕೋರ್ ಕಂಪನಿಗೂ ಕೊರಿಯಾದ ಒಂದು ದೊಡ್ಡ ಕಂಪನಿಗೂ ಲೈಸೆನ್ಸ್ ಒಪ್ಪಂದ, ಹತ್ತಿಯ ನಂಬರು ಹೇಳುವ ಚಿಪ್ಪಿಗೆ. ಪಂಚಾಕ್ಷರಯ್ಯನ ಅಂದಾಜು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಅವನು ಪೂರ್ತಿ ಕೇಳಲೂ ಇಲ್ಲ. ಎರಡು ಕಿಲೋ ಜಿಲೇಬಿ ತರಿಸಿ ಹಮಾಲರಿಂದ ಹಿಡಿದು ಯಾರ್ಡಿನ ಸೆಕ್ರೆಟರಿಯವರೆಗೆ ಹಂಚಿಸಿದ.

"ಅದರಾಗ ನಮ್ಮ ಭುವನವ್ವನ ಹೆಸರು ಎಲ್ಲೈತ್ರಿ?" ಎಂದು ಫೋನು ನೋಡುತ್ತ ಉರುಕುಂದ ಕೇಳಿದ. ಈ ಸಲ ತಮಾಷೆಗಲ್ಲ.

"ಒಳಗಿನ ಕಾಗದದಾಗ ಇರತೈತಪಾ. ಪೇಪರಿನ್ಯಾಗ ಎಲ್ಲಾ ಹಾಕ್ತಾರೇನು?"

ಉಳಿದ ಜಿಲೇಬಿ ಕಟ್ಟಿಸಿಕೊಂಡು ಆಟೋ ಹತ್ತಿ ಕಾಲೇಜಿಗೆ ಹೋದ. ಭುವನಾ ಕ್ಲಾಸು ಮುಗಿಸಿ ಬರುವವರೆಗೆ ವರಾಂಡದಲ್ಲಿ ನಿಂತಿದ್ದ. ಆಕೆ ಬಂದು, ಅವನ ಫೋನು ಇಸಿದುಕೊಂಡು, ಮೇಲಿಂದ ಕೆಳಗಿನವರೆಗೆ ಓದಿದಳು. ಚಿಪ್ಪಿನ ಒಳರಚನೆಯ ಒಂದು ಚಿತ್ರ ಹಾಕಿದ್ದರು. ಅದನ್ನು ದೊಡ್ಡದು ಮಾಡಿ ನೋಡಿದಳು. ತಾನು ಬರೆದದ್ದನ್ನು ಗುರುತಿಸಲು ಆಕೆಗೆ ಇನ್ನೊಬ್ಬರು ಬೇಕಿರಲಿಲ್ಲ.

"ನನ್ನ ಹೆಸರಿಲ್ಲಪಾ" ಎಂದಳು. ಆದರೂ ಅವನು ಪೊಟ್ಟಣ ಬಿಚ್ಚಿ ಹಿಡಿದುಕೊಂಡೇ ನಿಂತಿದ್ದ, ಕೈ ಕೆಳಗೆ ಬರಲಿಲ್ಲ. ಆಕೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವಂತೆ ಆಮೇಲೆ ವಕೀಲರ ಹತ್ತಿರ ಹೋದರು. ವಕೀಲರು ಮೂರೇ ಪ್ರಶ್ನೆ ಕೇಳಿದರು: ಕೊಟ್ಟವರು ಯಾರು? ನಾನೇ ಎಂದ ಪಂಚಾಕ್ಷರಯ್ಯ. ಕಾಗದ ಪತ್ರ? ಇಲ್ಲ. ಬಲವಂತ? ಇಲ್ಲ, ಟವೆಲಿನಲ್ಲಿ ಸುತ್ತಿ ಕೊಟ್ಟೆ. ವಕೀಲರು ಕನ್ನಡಕ ತೆಗೆದಿಟ್ಟು, ಕೇಸು ನಿಲ್ಲುವುದಿಲ್ಲ ಎಂದರು. ಭುವನಾ ಬರೆದ ಪತ್ರಕ್ಕೆ ಕಂಪನಿಯಿಂದ ನಾಲ್ಕು ಸಾಲಿನ ಉತ್ತರ ಬಂತು. ಅದೆಲ್ಲ ತಮ್ಮ ಸ್ವಂತ ಕೆಲಸವಂತೆ. ಆಕೆ ಆ ಉತ್ತರವನ್ನು ಅಪ್ಪನಿಗೆ ಓದಿ ಹೇಳಿ, ಎದ್ದು ಹೋದಳು. ಅಂದಿನಿಂದ ಅವನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಊಟದ ಹೊತ್ತಿನಲ್ಲಿ ಆಕೆಯ ಬೈಗುಳಕ್ಕಾಗಿ ಕಾದು ಕೂರುತ್ತಿದ್ದ.

ಕಾರ್ತೀಕದಲ್ಲಿ, ಹತ್ತಿ ಬಿಡಿಸುವ ಕಾಲಕ್ಕೆ, ವಾರಗಟ್ಟಲೆ ಮಳೆ ಹಿಡಿಯಿತು. ಮಾಲೆಲ್ಲ ನೆನೆದು ಕಲೆಯಾಗಿ ಬಂತು. ಆಗ ಸೋಮೇಶನ ಫೋನು ಬಂತು. ಫೋನು ಮಾಡಲು ಅವನಿಗೆ ಮುಖವಾದರೂ ಹೇಗೆ ಬಂತು, ನೀವೇ ಹೇಳಿ.

"ಅಯ್ಯಾರ, ನೀವು ದೊಡ್ಡೋರು, ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ. ನಮ್ಮ ಬಾಕ್ಸು ಮಳಿ ಮಾಲು ನೋಡಿ ತಬ್ಬಿಬ್ಬಾಗೈತಿ. ತಿಂಗಳ ಕಡೀಕ ಕೊರಿಯಾದೋರು ನೋಡಾಕ ಬರ್ತಾರ. ಎಂಟ ದಿನ ಬಾಕ್ಸು ಇಟ್ಟ ಹತ್ತಿ ಮಿಲ್ಲಿಗೆ ಬಂದು ಅದಕ್ಕ ನಂಬರ್ ಹೇಳಿಕೊಡ್ರಿ. ನಿಮ್ಮ ಕೈಗೆ ಸಮ ಈ ಜಿಲ್ಲಾದಾಗ ಯಾರೂ ಇಲ್ಲ."

ಪಂಚಾಕ್ಷರಯ್ಯನ ನಾಲಿಗೆಯ ತುದಿಗೆ ಬಂದ ಮಾತು ಜಂಗಮರ ಬಾಯಲ್ಲಿ ಬರುವಂಥದಲ್ಲ. ಅದನ್ನು ನುಂಗಿದ. ಏಕೆಂದರೆ ಅಷ್ಟರಲ್ಲಿ ತಲೆಯಲ್ಲಿ ಹಳೆಯ ಚಟ ಕಣ್ಣು ಬಿಟ್ಟಿತ್ತು. ಬಾಕ್ಸು ತಪ್ಪು ಕಲಿತರೆ ಕೊರಿಯಾದವರ ಮುಂದೆ ಮಾನ ಹೋಗುತ್ತದೆ. ಮಾನ ಹೋದರೆ ಒಪ್ಪಂದ ಮುರಿಯುತ್ತದೆ. ಮುರಿದರೆ ಕೊರಿಯಾದವರು ನಕ್ಷೆ ಬರೆದವರು ಯಾರು ಎಂದು ಹುಡುಕಿಕೊಂಡು ಬರುತ್ತಾರೆ. ಬರ್ತೀನಿ ಎಂದು ಫೋನಿಟ್ಟ.

ಸಂಜೆ ಭುವನಾಗೆ ಹೇಳಿದ. ಆಕೆ ಎಷ್ಟೋ ವಾರಗಳ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಎಲ್ಲಾ ತಪ್ಪು ಹೇಳಿದ್ರ ಅವರಿಗೆ ಗೊತ್ತಾಕೈತಿ" ಎಂದಳು ನಿಧಾನವಾಗಿ. "ಹತ್ತಕ್ಕ ಮೂರು ತಪ್ಪು ಹೇಳು. ಎರಡು ಇದ್ರ ನಾಕು ಅನ್ನು. ಎಂಟ ದಿನ ಹಂಗ ಮಾಡಿದ್ರ ಅದಕ್ಕ ತಲಿ ಕೆಡತೈತಿ, ಯಾಕ ಕೆಡ್ತು ಅಂತ ಅವರಿಗೆ ತಿಳಿಯಂಗಿಲ್ಲ."

"ಮಾಡ್ತೀನಿ."

"ನಿನ್ನಿಂದ ಆಕೈತೇನಪಾ?"

"ನಿನ್ನ ಸಲುವಾಗಿ ಅಷ್ಟೂ ಮಾಡಂಗಿಲ್ಲೇನು ನಾನು?"

ಅವತ್ತು ಆಕೆಯೇ ಬಡಿಸಿದಳು. ಎರಡನೇ ರೊಟ್ಟಿಗೆ ಕೇಳದೆಯೇ ಬೆಣ್ಣೆ ಹಾಕಿದಳು. ಪಂಚಾಕ್ಷರಯ್ಯ ಹೊಟ್ಟೆ ತುಂಬ ಉಂಡ.

ಮಿಲ್ಲು ಎಮ್ಮಿಗನೂರು ರಸ್ತೆಯಲ್ಲಿತ್ತು. ಷೆಡ್ಡಿನಲ್ಲಿ ಒಂದು ಮೇಜು, ಅದರ ಮೇಲೆ ವಜ್ರಕೋರಿನ ಹೊಳೆಯುವ ಬಾಕ್ಸು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಪಲ್ಲವಿ ಎಂಬ ಕಂಪನಿಯ ಹುಡುಗಿ. ಒಂದೊಂದೇ ಹಿಡಿ ತಂದಿಡುವ ಕೆಲಸಕ್ಕೆ ಹೊನ್ನೂರಪ್ಪ ಇದ್ದ. ಪಂಚಾಕ್ಷರಯ್ಯನ ಅಂಗಡಿಯಲ್ಲೇ ಮೂವತ್ತು ವರ್ಷ ಹಮಾಲಿ ಮಾಡಿ, ಎರಡು ವರ್ಷದ ಹಿಂದೆ ಮಿಲ್ಲು ಸೇರಿದವನು. ಅಯ್ಯಾರು ಬಂದರೆಂದು ತಾನೇ ಕುರ್ಚಿ ಒರೆಸಿದ. ಸುತ್ತ ನಿಂತ ಕೂಲಿಗಳಿಗೆ, "ಕಣ್ಣು ಕಟ್ಟಿ ಕೊಟ್ರೂ ಹೇಳ್ತಾರ, ನೋಡ್ರಿ ಬೇಕಾದ್ರ" ಎಂದ.

ಮೊದಲ ಮೂರು ಹಿಡಿ ಸರಿಯಾಗಿ ಹೇಳಿದ. ನಾಲ್ಕನೆಯದು ಬಂತು. ಕಲೆ ಮೇಲಷ್ಟೇ ಇತ್ತು, ಎಳೆ ಗಟ್ಟಿ, ಉದ್ದ. ಕೈಗೆ ತಾಗಿದ ಕ್ಷಣವೇ ಎರಡು ಎಂದು ಗೊತ್ತಾಯಿತು. ಮಗಳ ಮುಖ ನೆನೆಸಿಕೊಂಡ.

"ನಾಕು" ಎಂದ.

ಪಲ್ಲವಿ ತಲೆ ಎತ್ತದೆ ಬರೆದುಕೊಂಡಳು. ಅಷ್ಟು ಸುಲಭವಿತ್ತು. ಆದರೆ ಹೊನ್ನೂರಪ್ಪ ಹಿಡಿಯನ್ನು ನೋಡಿದ, ಅಯ್ಯಾರನ್ನು ನೋಡಿದ. ಮೂವತ್ತು ವರ್ಷ ಹೊತ್ತವನಿಗೆ ಅಷ್ಟಾದರೂ ತಿಳಿಯದೇ? ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿ ಹೇಳಿದ: "ಕಣ್ಣಿಗೆ ಪೊರಿ ಬಂದೈತೇನ್ರಿ ಅಯ್ಯಾರ? ಏನ್ ಮಾಡಾಕ ಆಕೈತಿ, ವಯಸ್ಸಾತು. ಯಾರಿಗಾದ್ರೂ ಆಗೂದ." ಹೀಗೆಂದು ಮೊಣಕೈ ಹಿಡಿದು, ಬಿದ್ದಾನೆಂಬಂತೆ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿದ. ಹಿಂದಿನ ಇಬ್ಬರು ಕೂಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೈದಿದ್ದರೆ ತಡೆಯುತ್ತಿದ್ದ. ಕಳ್ಳ ಎಂದಿದ್ದರೂ ತಡೆಯುತ್ತಿದ್ದ. ಹೊನ್ನೂರಪ್ಪನ ಕಣ್ಣಲ್ಲಿದ್ದ ಆ ಮರುಕವನ್ನು ಮಾತ್ರ ತಡೆಯಲಾಗಲಿಲ್ಲ. ಪಂಚಾಕ್ಷರಯ್ಯನ ನಂಬರು ತಪ್ಪಿತು ಎಂದು ನಾಳೆ ಯಾರ್ಡಿನಲ್ಲಿ ಮಾತಾಡುತ್ತಾರೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಮಗಳು, ನಕ್ಷೆ, ಕೊರಿಯಾ ಎಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ.

"ತಂಗೆವ್ವಾ, ಆ ನಾಕನೇ ಹಿಡಿ ಎರಡು ಅಂತ ತಿದ್ದು" ಎಂದ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಬಾಕ್ಸಿಗೆ ತಿಳೀತೈತೋ ಇಲ್ಲೋ ಅಂತ ನೋಡಿದೆ."

ಕೂಲಿಗಳು ನಕ್ಕರು. ಹೊನ್ನೂರಪ್ಪನ ಮುಖ ಅರಳಿತು. ಆಮೇಲೆ ಸಂಜೆಯವರೆಗೆ ಹಿಡಿಯ ಮೇಲೆ ಹಿಡಿ ಬಂದವು, ನಂಬರಿನ ಮೇಲೆ ನಂಬರು ಬಿದ್ದವು. ಮಳೆಗೆ ಕೆಟ್ಟಂತೆ ಕಾಣುವ ಒಳ್ಳೆಯ ಮಾಲು ಯಾವುದು, ಒಳ್ಳೆಯದೆಂದು ಕಾಣುವ ಕೆಟ್ಟದ್ದು ಯಾವುದು ಎಂದು ಕೇಳದಿದ್ದರೂ ಬಿಡಿಸಿ ಹೇಳಿದ. ಹೋಗುವಾಗ ಸೋಮೇಶ್ ಮತ್ತೆ ಪಾದ ಮುಟ್ಟಿದ.

ಭುವನಾ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದಳು. ಕಾಲೇಜಿನಿಂದ ಬೇಗ ಬಂದಿದ್ದಳೆಂದು ಕಾಣುತ್ತದೆ. ಅವನು ಚಪ್ಪಲಿ ಬಿಡುವಷ್ಟೂ ತಡೆಯಲಿಲ್ಲ.

"ಎಷ್ಟು ತಪ್ಪು ಹೇಳಿದಿ?"

"ಒಂದು" ಎಂದ ಪಂಚಾಕ್ಷರಯ್ಯ. ಸುಳ್ಳು ಹೇಳಿ ಬಚಾವಾಗಬಹುದಿತ್ತು, ಅದೂ ಬರಲಿಲ್ಲ. "ಅದನ್ನೂ ತಿದ್ದಿ ಬಂದೆ."

ಆಕೆಗೆ ಸಿಟ್ಟು ಬರಲಿಲ್ಲ. ಅವನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಉಗುರಲ್ಲಿ ಸಿಕ್ಕಿದ್ದ ಹತ್ತಿಯ ಎಳೆಯನ್ನು ಕಿತ್ತು ತೆಗೆದಳು.

"ಗೊತ್ತಿತ್ತಪಾ. ಈ ಕೈಗೆ ಸುಳ್ಳು ಹೇಳಾಕ ಬರಂಗಿಲ್ಲ ಅಂತನ ಇದನ್ನ ನಂಬಿ ನಾ ನಾಕು ವರ್ಷ ಕೂತಿದ್ದು."

ಉಳಿದ ಏಳು ದಿನವೂ ಪಂಚಾಕ್ಷರಯ್ಯ ಮಿಲ್ಲಿಗೆ ಹೋಗಿ ಸರಿ ನಂಬರನ್ನೇ ಹೇಳಿ ಬಂದ. ಎಷ್ಟು ತಪ್ಪು ಎಂದು ಆಕೆ ಮತ್ತೆ ಕೇಳಲಿಲ್ಲ.